ಒಂದಕ್ಷರ ಮುಟ್ಟದ ದೃಶ್ಯ

"ಇಲ್ಲೊಂದು ಪದ್ಯ ಬೇಕಲ್ಲ ಮಲ್ಲೇಶ," ಎಂದು ಯತೀಶ್ ಕೈಯಲ್ಲಿದ್ದ ಹಾಳೆಗಳನ್ನು ಸುರುಳಿ ಸುತ್ತಿ ತೊಡೆಗೆ ಬಡಿದುಕೊಂಡ. "ನಾನು ಎಂಟ್ರಿ ಕೊಡದು. ಬರೀ ಮಾತಾಡ್ಕಂಡು ಬಂದ್ರೆ ಜನ ಎದ್ದೋಯ್ತಾರೆ ಕಣ್ಲಾ."

"ಅದೇ ಹೊತ್ತಿಗೆ ಆ ಹೆಂಗ್ಸಿನ ಕತ್ತಿಗೆ ಸೊಪ್ಪಿನ ಹಾರ ಹಾಕ್ತಾರಲ್ಲ ಯತೀಶಣ್ಣ. ಅಲ್ಲಿ ಹಾಡು ಅಂದ್ರೆ..."

"ಅದುಕ್ಕೇ ಬೇಕಿರದು. ದುಃಖದ ಪದ್ಯ ಹಾಕು. ಏನಂತೀರಿ ಮೇಷ್ಟ್ರೆ?"

ಡ್ರಾಮಾ ಮೇಷ್ಟ್ರು ಸಣ್ಣಯ್ಯ ತಲೆಯಾಡಿಸಿದರು. ಅವರ ಬೆರಳುಗಳು ಆಗಲೇ ಹಾರ್ಮೋನಿಯಂ ಮೇಲೆ ಓಡಾಡುತ್ತಿದ್ದವು. ನಲವತ್ತು ವರ್ಷದಿಂದ ಊರೂರು ತಿರುಗಿ ನಾಟಕ ಕಲಿಸಿದ ಮನುಷ್ಯ. ಎಲ್ಲಿ ಮಾತು ನಿಂತರೂ ಅಲ್ಲೊಂದು ರಾಗ ತುಂಬಿಸಿಬಿಡುವುದು ಅವರ ಅಭ್ಯಾಸವಾಗಿ ಹೋಗಿತ್ತು. ಮಲ್ಲೇಶ ಪೆನ್ನಿನ ಮುಚ್ಚಳ ತೆಗೆದು, ಅಂಚಿನಲ್ಲಿ 'ಇಲ್ಲಿ ಪದ್ಯ' ಎಂದು ಬರೆದುಕೊಂಡ. ಆ ಪುಟದಲ್ಲೇ ಅದು ನಾಲ್ಕನೆಯ ತಿದ್ದುಪಡಿ.

ತಾಲೀಮು ನಡೆಯುತ್ತಿದ್ದುದು ಯತೀಶನ ಹೊಗೆಸೊಪ್ಪಿನ ಶೆಡ್ಡಿನಲ್ಲಿ. ಬೆಟ್ಟದಪುರದಿಂದ ನಾಲ್ಕು ಮೈಲಿ ದೂರದ ಚಿಕ್ಕೇರಿಕೊಪ್ಪಲಿನಲ್ಲಿ ಅಷ್ಟು ದೊಡ್ಡ ಶೆಡ್ಡು ಇನ್ನೊಂದಿಲ್ಲ. ಹರಾಜು ಮುಗಿದು ಬೇಸಿಗೆ ಬಂದರೆ ಅದು ಖಾಲಿ. ಸೊಪ್ಪು ಹೋದರೂ ವಾಸನೆ ಹೋಗುವುದಿಲ್ಲ, ಗೋಡೆಗೇ ಅಂಟಿಕೊಂಡಿರುತ್ತದೆ. ಇಪ್ಪತ್ತಾರು ವರ್ಷದ ಹಿಂದೆ ಇದೇ ಶೆಡ್ಡಿನ ಬಾಗಿಲಲ್ಲಿ, ಇದೇ ವಾಸನೆಯ ಒಂದು ಹಾರವನ್ನು ಮಲ್ಲೇಶನ ತಾಯಿ ಚಿಕ್ಕಮಾದಮ್ಮನ ಕತ್ತಿಗೆ ಹಾಕಿ ಇಡೀ ದಿನ ಕೂರಿಸಿದ್ದರು. ಹಾಕಿಸಿದವರು ಯತೀಶನ ಅಪ್ಪ ಸಿದ್ದಯ್ಯ. ಮೊದಲನೇ ದರ್ಜೆಯ ಸೊಪ್ಪು ದಿನವೂ ಒಂದೆರಡು ಕಟ್ಟು ಕಾಣೆಯಾಗುತ್ತಿತ್ತು, ಅದನ್ನಿಟ್ಟ ಮೂಲೆಯಲ್ಲಿ ಕೂತು ಸೊಪ್ಪು ಆರಿಸುತ್ತಿದ್ದವಳು ಅವಳು. ಇನ್ನೇನು ಸಾಕ್ಷಿ ಬೇಕು? ಕೂಲಿಯ ಹೆಂಗಸರನ್ನೆಲ್ಲ ಅವಳ ಮುಂದೆಯೇ ಸಾಲಾಗಿ ಒಳಕ್ಕೆ ಬಿಟ್ಟರು, ಸಾಲಾಗಿ ಹೊರಕ್ಕೆ ಬಿಟ್ಟರು. ಅವತ್ತಿನಿಂದ ಅವಳು ಊರಿಗೆಲ್ಲ ಸೊಪ್ಪುಕಳ್ಳಿ. ಮಲ್ಲೇಶನಿಗೆ ಹೆಣ್ಣು ಕೇಳಲು ಹೋದ ಎರಡು ಕಡೆಯಲ್ಲೂ ಆ ಹೆಸರು ಅವರಿಗಿಂತ ಮೊದಲೇ ಹೋಗಿ ಚಾಪೆ ಹಾಸಿ ಕೂತಿತ್ತು. ಮೂರನೆಯ ಕಡೆಗೆ ಅವನು ಹೋಗಲಿಲ್ಲ.

ಆ ಸೊಪ್ಪನ್ನು ಕದ್ದವನು ಯತೀಶ್. ಇದು ಮಲ್ಲೇಶನಿಗೆ ತಿಳಿದದ್ದು ತುಂಬ ತಡವಾಗಿ. ಕಟ್ಟುಗಳನ್ನು ಟೆಂಪೋದಲ್ಲಿ ಹಾಕಿಕೊಂಡು ಹೋಗಿ ಮಾರಿಕೊಟ್ಟಿದ್ದ ಮರಿಯಯ್ಯ, ಸಾಯುವ ಮುಂಚೆ ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡು ಹೇಳಿದ್ದ. "ಸಾವ್ಕಾರ್ರ ಮಗ ಕಣ್ಲಾ. ಕಾಲೇಜ್ ಉಡುಗ್ರ ಜೊತೆ ಶೋಕಿ ಮಾಡಕೆ. ನಿಮ್ಮವ್ವುಂಗೆ ಯೋಳ್ಬುಡು." ಹೇಳಿ ಹಗುರಾಗಿ ಅವನು ಹೋದ. ಭಾರ ಮಲ್ಲೇಶನ ತಲೆಗೆ ಬಂತು.

ಅವ್ವನಿಗೆ ಮಲ್ಲೇಶ ಹೇಳಲಿಲ್ಲ. ಮನೆಯೊಳಗೆ ನಾಲ್ಕು ಗೋಡೆಯ ನಡುವೆ ಹೇಳಿದರೆ ಏನು ಬಂತು ಎಂದುಕೊಂಡ. ಕತ್ತಿಗೆ ಹಾರ ಹಾಕಿದ್ದು ಊರ ಮುಂದೆ, ತೆಗೆಯುವುದೂ ಊರ ಮುಂದೆಯೇ ಆಗಬೇಕು. ಬರೆಯುವವರಿಗೆ ಇಂಥ ಹುಚ್ಚು ಇರುತ್ತದೆ. ಒಂದು ಮಾತನ್ನು ಸುಮ್ಮನೆ ಹೇಳಿಬಿಟ್ಟರೆ ಅವರಿಗೆ ಸಮಾಧಾನವಿಲ್ಲ, ಅದಕ್ಕೆ ದೃಶ್ಯ ಬೇಕು, ಪರದೆ ಬೇಕು, ನೋಡುವವರು ಬೇಕು.

ಬರೆಯುವವನು ಅಂದರೆ ಅವನೇನೂ ಹೆಸರಾದ ಸಾಹಿತಿಯಲ್ಲ. ಬೆಟ್ಟದಪುರದ ಬಸ್‌ಸ್ಟ್ಯಾಂಡಿನ ಎದುರು ಜೆರಾಕ್ಸ್ ಅಂಗಡಿ. ಪಹಣಿ, ಆಧಾರು, ಜಾತಿ ಸರ್ಟಿಫಿಕೇಟು, ಮದುವೆ ಕಾರ್ಡು ಇವುಗಳ ನಡುವೆ ಬಿಡುವು ಸಿಕ್ಕಾಗ ಬರೆಯುತ್ತಿದ್ದ. ಯಾವ ಪತ್ರಿಕೆಯೂ ಹಾಕಿಕೊಳ್ಳಲಿಲ್ಲ, ಯಾವ ಪ್ರಕಾಶಕನೂ ಉತ್ತರ ಬರೆಯಲಿಲ್ಲ. ಕೊನೆಗೆ ಫೇಸ್‌ಬುಕ್ಕಿನಲ್ಲಿ 'ಮುಗಿಯದ ಹಾಳೆಗಳು' ಎಂದೊಂದು ಪುಟ ಮಾಡಿ ತಾನೇ ಹಾಕತೊಡಗಿದ. ಆರು ನಾಟಕ, ಮೂವತ್ತೊಂದು ಕಥೆ, ಅರ್ಧಕ್ಕೆ ನಿಂತವು ಲೆಕ್ಕವಿಲ್ಲ. ಬರೆದಷ್ಟನ್ನು ಬರೆದ ಹಾಗೆಯೇ ಹಾಕಿ 'ಮುಂದಿನದು ಬರೆಯುತ್ತಿದ್ದೇನೆ, ಅಭಿಪ್ರಾಯ ತಿಳಿಸಿ' ಅನ್ನುತ್ತಿದ್ದ. ನಾನೂರು ಚಿಲ್ಲರೆ ಜನ ಇದ್ದರು. ಓದುತ್ತಿದ್ದವರು ಹತ್ತು ಜನ ಇರಬಹುದು, ಉಳಿದವರು ಕೈಮುಗಿದ ಚಿತ್ರವೊಂದನ್ನು ಒತ್ತಿ ಮುಂದೆ ಹೋಗುತ್ತಿದ್ದರು. ಆದರೂ ಆ ಕೈಮುಗಿದ ಚಿತ್ರಗಳನ್ನು ಅವನು ರಾತ್ರಿ ಮಲಗುವ ಮುಂಚೆ ಒಂದೊಂದಾಗಿ ನೋಡುತ್ತಿದ್ದ, ಪಾಪ.

'ಹೊಗೆಸೊಪ್ಪಿನ ಹಾರ' ನಾಟಕವನ್ನೂ ಹೀಗೆಯೇ ಒಂದೊಂದು ದೃಶ್ಯವಾಗಿ ಹಾಕತೊಡಗಿದ. ಹೆಸರು ಬದಲಿಸಿದ್ದ, ಊರು ಬದಲಿಸಿದ್ದ. ಆದರೆ ಊರಿನವರು ಪೆದ್ದರೇ? ಮೂರನೆಯ ದೃಶ್ಯದ ಹೊತ್ತಿಗೆ ಯಾರೋ ಅದನ್ನು ಊರಿನ ವಾಟ್ಸಾಪ್ ಗುಂಪಿಗೆ ತಳ್ಳಿದರು. ಸಾಹುಕಾರನ ಮನೆಯೊಳಗೇ ಕಳ್ಳ ಇದ್ದಾನೆ ಎಂಬ ಸುಳಿವು ಅಲ್ಲಿತ್ತು. ಮರುದಿನ ಬೆಳಿಗ್ಗೆ ಯತೀಶನ ಕಾರು ಜೆರಾಕ್ಸ್ ಅಂಗಡಿಯ ಮುಂದೆ ನಿಂತಿತು.

ಹೊಡೆಯುತ್ತಾನೆ ಎಂದುಕೊಂಡೇ ಮಲ್ಲೇಶ ಎದ್ದು ನಿಂತ. ಯತೀಶ್ ಸ್ಟೂಲು ಎಳೆದುಕೊಂಡು ಕೂತ. ಗಿರಾಕಿ ಹೋಗುವವರೆಗೆ ಕಾದ. ಆಮೇಲೆ ತಗ್ಗಿದ ದನಿಯಲ್ಲಿ, "ಮರಿಯಯ್ಯ ಯೋಳುದ್ನಾ?" ಅಂದ.

ಮಲ್ಲೇಶ ಜೆರಾಕ್ಸ್ ಮಿಷನ್ನಿನ ಸ್ವಿಚ್ಚು ಆರಿಸಿದ.

"ನಿಜ ಕಣ್ಲಾ. ನಾನೇ. ಉಡುಗ್ ಬುದ್ಧಿ. ಅಪ್ಪನ ಮುಂದೆ ಬಾಯ್ ಬುಡಕೆ ಧೈರ್ಯ ಬರ್ನಿಲ್ಲ." ಅವನು ಕಣ್ಣುಜ್ಜಿಕೊಂಡ. "ಈಗ ಅಪ್ಪನೂ ಇಲ್ಲ. ನಂಗೂ ಎದೆ ಮೇಲೆ ಕಲ್ಲು ಮಡಗ್ದಂಗೆ ಆಗದೆ. ನಿನ್ ನಾಟ್ಕ ಆಡ್ಸನ. ಆ ಸಾವ್ಕಾರನ ಮಗನ ಪಾಲ್ಟು ನಾನೇ ಮಾಡ್ತೀನಿ. ಸ್ಟೇಜ್ ಮೇಲೆ ನಿಂತ್ಕಂಡು, ಊರೆಲ್ಲ ಕೇಳಂಗೆ, ನಾನೇ ಕದ್ದೆ ಅಂತ ಯೋಳ್ತೀನಿ. ಸರೀನಾ?"

ಮಲ್ಲೇಶನ ಕಣ್ಣಲ್ಲಿ ನೀರು ಬಂತು. ನಾಚಿಕೆಗೇಡು ಅನ್ನಿಸಿದರೂ ತಡೆಯಲಾಗಲಿಲ್ಲ. ಆರು ನಾಟಕದಲ್ಲಿ ಒಂದೂ ರಂಗ ಹತ್ತಿರಲಿಲ್ಲ. ಇದು ಹತ್ತುವುದಷ್ಟೇ ಅಲ್ಲ, ಕಳ್ಳನ ಬಾಯಿಂದಲೇ ಕಳ್ಳ ಎಂಬ ಮಾತು ಹೊರಡಿಸುತ್ತದೆ. ಯಾವ ಲೇಖಕನಿಗೆ ಸಿಕ್ಕೀತು ಇಂಥ ಯೋಗ?

"ಆ ಕೊನೇ ದೃಶ್ಯ ಮಾತ್ರ ಬದಲಾಯಿಸಬಾರ್ದು ಯತೀಶಣ್ಣ," ಎಂದ. "ಆ ತಾಯಿ ಕದ್ದಿಲ್ಲ, ಕದ್ದವನು ನಾನು. ಆ ಮಾತು ಹಂಗೇ ಬರ್ಬೇಕು."

"ಒಂದಕ್ಷರ ಮುಟ್ಟಾಕಿಲ್ಲ. ನಮ್ಮಪ್ಪನಾಣೆ."

ನಮ್ಮ ಕಡೆ ನಾಟಕದಲ್ಲಿ ಪಾತ್ರ ಮಾಡುವವರು ದುಡ್ಡು ತೆಗೆದುಕೊಳ್ಳುವುದಿಲ್ಲ, ಕೊಡುತ್ತಾರೆ. ಹೆಚ್ಚು ಕೊಟ್ಟವನಿಗೆ ಕಿರೀಟದ ಪಾತ್ರ, ಕಡಿಮೆ ಕೊಟ್ಟವನಿಗೆ ದೂತನ ಪಾತ್ರ. ಹಾಗೆ ಕೊಟ್ಟುಕೊಂಡ ಪಾತ್ರ ಅವನ ಸ್ವಂತದ ಹೊಲವಿದ್ದಂತೆ, ಅದರಲ್ಲಿ ಏನು ಬಿತ್ತಬೇಕೆಂದು ಅವನೇ ಹೇಳುತ್ತಾನೆ. ಪುರಾಣದ ನಾಟಕಕ್ಕೆ ಇದ್ದ ಈ ಪದ್ಧತಿ ಮಲ್ಲೇಶನ ನಾಟಕಕ್ಕೂ ಬಂದು ಕೂತಿತು. ಭವನದ ಬಾಡಿಗೆಯಿಂದ ಹಿಡಿದು ಸೀನ್ಸಿನ ಪರದೆಗಳ ತನಕ ಮುಕ್ಕಾಲು ಪಾಲು ಕೊಟ್ಟವನು ಯತೀಶ್. ಹೀಗಾಗಿ ಸಾಹುಕಾರನ ಮಗ ನಾಯಕನಾದ, ಅವನಿಗೆ ಐದು ಪದ್ಯ ಬಂದವು, ಒಂದು ಕನಸಿನ ಹಾಡು ಬಂತು. ಸಾಹುಕಾರನ ಪಾತ್ರಕ್ಕೆ ಯತೀಶನ ಭಾವ ಬಂದ. ಮಾವನನ್ನು ಕೆಟ್ಟವನಾಗಿ ತೋರಿಸಲು ಅವನು ಒಪ್ಪದೆ ಸಾಹುಕಾರ ಧರ್ಮಾತ್ಮನಾದ. ಇನ್ನಿಬ್ಬರು ಕೊಟ್ಟಷ್ಟಕ್ಕೆ ಸರಿಯಾಗಿ ಒಂದು ಕುಡುಕನ ಹಾಸ್ಯ ಸೇರಿತು. ಪ್ರತಿಯೊಂದು ಸಲವೂ ಮಲ್ಲೇಶ ಕೊನೆಯ ಹಾಳೆಯನ್ನು ಮುಟ್ಟಿ ನೋಡಿಕೊಂಡು, ಇದೊಂದು ಇದೆಯಲ್ಲ ಎಂದುಕೊಂಡು, ಪೆನ್ನು ತೆಗೆಯುತ್ತಿದ್ದ.

ತಾಯಿಯ ಪಾತ್ರಕ್ಕೆ ಮೈಸೂರಿನಿಂದ ಪುಟ್ಟಲಕ್ಷ್ಮಿ ಎಂಬ ಕಲಾವಿದೆಯನ್ನು ಗೊತ್ತು ಮಾಡಿದರು. ಹೆಣ್ಣಿನ ಪಾತ್ರಕ್ಕೆ ಮಾತ್ರ ಸಂಬಳ ಕೊಟ್ಟು ಕರೆಸುವುದು ವಾಡಿಕೆ. ಮಲ್ಲೇಶ ತಾಯಿಗೆಂದು ನಾಲ್ಕು ಪುಟದ ಒಂದು ಮಾತು ಬರೆದಿದ್ದ. ಹಾರ ಹಾಕಿಸಿಕೊಂಡ ಹೆಂಗಸು ತಲೆ ಎತ್ತಿ ಸಾಹುಕಾರನನ್ನು ಕೇಳುವ ಮಾತು. ಪುಟ್ಟಲಕ್ಷ್ಮಿ ಅದನ್ನು ತೂಗಿ ನೋಡಿದಂತೆ ಕೈಯಲ್ಲಿ ಹಿಡಿದಳು.

"ಇಷ್ಟನ್ನ ಬಾಯಿಪಾಠ ಮಾಡಕ್ಕಾಗಲ್ಲ ಸಾರ್. ನಾನು ಬರೋದೇ ಎರಡು ತಾಲೀಮಿಗೆ. ನನ್ನ ಹತ್ರ ಒಂದು ಕಳ್ಳಿ ಪಾತ್ರದ ಹಾಡು ರೆಡಿ ಇದೆ, ಒಳ್ಳೇ ವಿಷಲ್ ಬೀಳುತ್ತೆ. ಅದನ್ನೇ ಹಾಕ್ಕೊಳ್ಳಿ."

"ಅವಳು ಕಳ್ಳಿ ಅಲ್ಲಮ್ಮ. ಅದೇ ನಾಟಕ."

"ಅದು ಕೊನೇಲಿ ಗೊತ್ತಾಗುತ್ತಲ್ಲ ಸಾರ್. ಅಲ್ಲೀ ಗಂಟ ಕಳ್ಳೀನೇ ತಾನೆ?"

ಎಲ್ಲರೂ ನಕ್ಕರು. ಸಣ್ಣಯ್ಯ ಮೇಷ್ಟ್ರು ಹಾರ್ಮೋನಿಯಂನಲ್ಲಿ ಒಂದು ಕುಲುಕು ಹಾಕಿದರು. ನಾಲ್ಕು ಪುಟ ಹೋಗಿ ಅಲ್ಲಿ ಹಾಡು ಬಂತು.

ಬರೆಯುವಾಗ ಮಲ್ಲೇಶ ದೃಶ್ಯಗಳನ್ನು ಅವ್ವನಿಗೆ ಓದಿ ಹೇಳಿದ್ದುಂಟು, ಕೊನೆಯದೊಂದನ್ನು ಬಿಟ್ಟು. ಅದನ್ನು ಅವಳು ಎಲ್ಲರ ಜೊತೆ ಕೂತು ಕೇಳಲಿ ಎಂದು ಅವನ ಆಸೆ. ಚಿಕ್ಕಮಾದಮ್ಮ ಅವರೆಕಾಯಿ ಸುಲಿಯುತ್ತ ಕೇಳಿಸಿಕೊಳ್ಳುತ್ತಿದ್ದಳು. ನಾಲ್ಕು ಪುಟದ ಮಾತು ಮುಗಿದಾಗ, "ನಾನು ಅಂಗೆಲ್ಲ ಮಾತಾಡ್ನಿಲ್ಲ ಕಣ್ಲಾ," ಎಂದಿದ್ದಳು.

"ಗೊತ್ತವ್ವ. ಮಾತಾಡ್ಬೇಕಿತ್ತು. ಯಾಕೆ ಸುಮ್ಕೆ ಕುಂತಿದ್ದೆ? ನಾನು ಕದ್ದಿಲ್ಲ ಅಂತ ಒಂದು ಮಾತು ಅನ್ನಕಾಗ್ನಿಲ್ವಾ ನಿಂಗೆ?"

ಅವಳು ಸಿಪ್ಪೆಯನ್ನು ಮಡಿಲಿಂದ ಕೊಡವಿದಳು. "ಅದೆಲ್ಲ ಯಾಕೀಗ, ಬುಡು. ಉಂಡ್ಕೊ ಬಾ."

ಅವನಿಗೆ ಸಿಟ್ಟು ಬಂದಿತ್ತು. ಒಂದು ದಿನವಲ್ಲ, ಇಪ್ಪತ್ತಾರು ವರ್ಷದಿಂದ ಬರುತ್ತಿದ್ದ ಸಿಟ್ಟು. ಬಾಯಿಬಿಟ್ಟು ಕೇಳಿದ್ದರೆ ನಾಲ್ಕು ಜನವಾದರೂ ಯೋಚನೆ ಮಾಡುತ್ತಿದ್ದರು. ಇವಳು ಮಣ್ಣಿನ ಮುದ್ದೆಯ ಹಾಗೆ ಕೂತಿದ್ದಳು, ಅದಕ್ಕೇ ಕಳ್ಳಿಯಾದಳು. ಅವ್ವನ ಮೇಲೆ ಪ್ರೀತಿ ಎಷ್ಟಿತ್ತೋ ಅವಳ ಹೇಡಿತನದ ಮೇಲೆ ಅಷ್ಟೇ ಅಸಹ್ಯ ಅವನಿಗಿತ್ತು. ಇದನ್ನು ಅವನು ಯಾವ ಹಾಳೆಯಲ್ಲೂ ಬರೆದಿರಲಿಲ್ಲ.

ಮೇ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಎರಡು ಗಂಟೆಗೆ, ಪಿರಿಯಾಪಟ್ಟಣದ ಭವನದಲ್ಲಿ ನಾಟಕ ಎಂದಾಯಿತು. ಕರಪತ್ರವನ್ನು ಮಲ್ಲೇಶನೇ ತನ್ನ ಅಂಗಡಿಯಲ್ಲಿ ಅಚ್ಚು ಹಾಕಿದ. 'ಹೊಗೆಸೊಪ್ಪಿನ ಹಾರ' ಎಂಬ ಹೆಸರಿಗೆ ಜನ ಬರುವುದಿಲ್ಲವೆಂದು ಯತೀಶ್ ಬದಲಿಸಿದ್ದ. 'ಕ್ಷಮೆಯೇ ಧರ್ಮ ಅರ್ಥಾತ್ ದೊಡ್ಡಮನೆ ದೊಡ್ಡಗುಣ.' ಯತೀಶನ ಫೋಟೋ ಅರ್ಧ ಹಾಳೆ ತುಂಬಿತ್ತು. ಕೆಳಗೆ 'ರಚನೆ: ಮಲ್ಲೇಶ್, ಚಿಕ್ಕೇರಿಕೊಪ್ಪಲು.' ಮಲ್ಲೇಶ ಅದನ್ನು ತನ್ನ ಪುಟಕ್ಕೂ ಹಾಕಿದ. ಇನ್ನೂರು ಕೈಮುಗಿದ ಚಿತ್ರ ಬಂದವು. ಅಷ್ಟು ಹಿಂದೆಂದೂ ಬಂದಿರಲಿಲ್ಲ. ಹೆಸರು ಹೋದರೆ ಹೋಗಲಿ ಅನ್ನಿಸಿತು ಅವನಿಗೆ, ಒಂದು ಗಳಿಗೆ.

ಊರಿಂದ ಎರಡು ಟ್ರ್ಯಾಕ್ಟರು, ಒಂದು ಬಸ್ಸು ಹೊರಟವು. ಅವತ್ತು ಸಾಲಾಗಿ ನಿಂತು ಹಾರ ನೋಡಿದ್ದ ಕೂಲಿ ಹೆಂಗಸರಲ್ಲಿ ಬದುಕಿದ್ದವರೆಲ್ಲ ಬಂದಿದ್ದರು. ಚಿಕ್ಕಮಾದಮ್ಮನನ್ನು ಮಲ್ಲೇಶ ಮುಂದಿನ ಸಾಲಿನಲ್ಲೇ ಕೂರಿಸಿದ. ಬೇಡ ಬೇಡವೆಂದು ಹಿಂದೆ ಸರಿಯುತ್ತಿದ್ದವಳನ್ನು ತೋಳು ಹಿಡಿದು ಕೂರಿಸಿ, "ಕೊನೇ ಸೀನ್ ಗಂಟ ಏಳ್ಬ್ಯಾಡ ಅವ್ವ, ಆಣೆ," ಎಂದ.

ಅವನ ಜಾಗ ಸೈಡ್ ವಿಂಗಿನಲ್ಲಿ, ರಂಗದ ಪಕ್ಕದ ಪರದೆಯ ಮರೆಗೆ. ಪಾತ್ರಧಾರಿಗಳು ಮಾತು ಮರೆತರೆ ಹಾಳೆ ನೋಡಿ ಪಿಸುಗುಟ್ಟಿ ಕೊಡಲು ಒಬ್ಬ ಬೇಕು. ಬರೆದವನಿಗಿಂತ ಯಾರು ಸರಿ? ಅಲ್ಲಿಯೇ, ಅವನ ಮೊಣಕೈ ಹತ್ತಿರ, ಹಿನ್ನೆಲೆಯ ದನಿಗಳಿಗೆಂದು ಒಂದು ಮೈಕು ನಿಲ್ಲಿಸಿದ್ದರು. ಅಶರೀರವಾಣಿ, ಗುಡುಗು, ಮಗು ಅಳುವ ಸದ್ದು ಎಲ್ಲ ಅದರಲ್ಲಿ. ಅದರ ಗುಂಡಿಯನ್ನು ಹಾಕುವುದು ಆರಿಸುವುದು ಸೌಂಡಿನವನ ಕೆಲಸ. ಸೌಂಡಿನವನು ಕಾಲು ಚಾಚಿ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದ.

ಪುಟ್ಟಲಕ್ಷ್ಮಿಯ ಹಾಡು ಬಂತು. ಮಿಂಚುವ ಸೀರೆಯುಟ್ಟ ಸೊಪ್ಪುಕಳ್ಳಿ, ಮಡಿಲಲ್ಲಿ ಸೊಪ್ಪಿನ ಕಟ್ಟು ಬಚ್ಚಿಟ್ಟುಕೊಂಡು, ಕುಡುಕನ ಜೊತೆ ಸೊಂಟ ತಿರುಗಿಸಿ ಕುಣಿದಳು. ಭವನ ಹಾರಿಹೋಗುವಂತೆ ಸಿಳ್ಳೆ. ಒನ್ಸ್ ಮೋರ್ ಎಂದರು, ಎರಡನೇ ಸಲವೂ ಕುಣಿದಳು. ಯಾರೋ ನೋಟು ಚುಚ್ಚಿದ ಹಾರ ತಂದು ಹಾಕಿದರು. ಮಲ್ಲೇಶ ಪರದೆಯ ಸಂದಿಯಿಂದ ಮುಂದಿನ ಸಾಲು ನೋಡಿದ. ಅವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ಅವಳ ಹಿಂದೆ ಕೂತ ಹುಡುಗಿಯರು ಅವಳತ್ತ ಬೆರಳು ಮಾಡಿ ಬಿದ್ದು ಬಿದ್ದು ನಗುತ್ತಿದ್ದರು. ಇನ್ನು ಅರ್ಧ ಗಂಟೆ ಅವ್ವ, ಇನ್ನು ಅರ್ಧ ಗಂಟೆ ತಡಕೊ, ಎಂದು ಒಳಗೊಳಗೇ ಬೇಡಿಕೊಂಡ.

ಆರು ಗಂಟೆಗೆ ಭವನ ಬಿಟ್ಟುಕೊಡಬೇಕಿತ್ತು. ಕೊನೆಯ ದೃಶ್ಯ ಶುರುವಾದಾಗ ಐದೂವರೆ. ರಂಗದ ಮಧ್ಯೆ ಯತೀಶ್ ಬಂದು ನಿಂತ. ಬಿಳಿ ಪಂಚೆ, ಜರಿ ಶಲ್ಯ. ದೀಪ ಅವನೊಬ್ಬನ ಮೇಲೆ. ತಲೆ ತಗ್ಗಿಸಿದ. ಭವನ ಸದ್ದಡಗಿತು.

ಅವನು ಮಾತಾಡಲಿಲ್ಲ.

ಮರೆತನೇನೋ ಎಂದುಕೊಂಡು ಮಲ್ಲೇಶ ಮಾತು ಕೊಟ್ಟ. ಮೊದಲು ಪಿಸುದನಿಯಲ್ಲಿ. "ಆ ತಾಯಿ ಕದ್ದಿಲ್ಲ..." ಯತೀಶ್ ಅಲುಗಲಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿ. ಯತೀಶ್ ನಿಧಾನಕ್ಕೆ ಕತ್ತು ತಿರುಗಿಸಿ ವಿಂಗಿನತ್ತ ನೋಡಿದ. ಕೇಳಿಸಿದೆ, ಅದು ಅವನ ಕಣ್ಣಲ್ಲೇ ಕಾಣುತ್ತಿತ್ತು. ಕೇಳಿಸಿಯೂ ತುಟಿ ಬಿಚ್ಚುತ್ತಿಲ್ಲ. ಅಪ್ಪನಾಣೆ ಹಾಕಿದ ಬಾಯಿ ಅದು. ಇಪ್ಪತ್ತಾರು ವರ್ಷ, ಆರು ನಾಟಕ, ಅರ್ಧ ಗಂಟೆ ಹಿಂದಿನ ಆ ನಗು, ಎಲ್ಲ ಒಟ್ಟಿಗೆ ಗಂಟಲಿಗೆ ಬಂತು. ಹಾಳೆ ಕೆಳಗೆ ಬಿತ್ತು. ಅವನು ಒಂದು ಹೆಜ್ಜೆ ಮುಂದೆ ಬಂದು, ಮೈಕಿಗೆ ಎದುರಾಗಿ ನಿಂತದ್ದು ಗೊತ್ತಾಗದೆ, ಕೂಗಿಯೇ ಬಿಟ್ಟ.

"ಆ ತಾಯಿ ಕದ್ದಿಲ್ಲ! ಕದ್ದವನು ನಾನು!"

ಮೈಕು ಹಾಕಿತ್ತು. ಭವನದ ನಾಲ್ಕು ಮೂಲೆಯ ಸ್ಪೀಕರ್ ಡಬ್ಬಗಳಿಂದಲೂ ಅವನ ದನಿ ಸ್ಪಷ್ಟವಾಗಿ, ಗದ್ಗದವಾಗಿ, ಹೊರಟುಬಂತು. ಊರಿನವರಿಗೆ ಆ ದನಿ ಗೊತ್ತಿಲ್ಲದ್ದಲ್ಲ.

ಯತೀಶ್ ಮೊದಲೇ ಯೋಚಿಸಿಕೊಂಡಿದ್ದನೋ ಅಲ್ಲಿಯೇ ಹೊಳೆಯಿತೋ, ದೇವರಿಗೇ ಗೊತ್ತು. ಹದಿನೈದು ವರ್ಷ ಕಿರೀಟ ಹಾಕಿ ಪಳಗಿದ ಆಸಾಮಿ. ಒಂದೇ ಹಾರಿಗೆ ವಿಂಗಿಗೆ ಬಂದು ಮಲ್ಲೇಶನ ಕೈ ಹಿಡಿದು ದೀಪದ ಕೆಳಗೆ ಎಳೆದು ತಂದ.

"ಯಾರದು? ಯಾರು ಆಡಿದ ಮಾತು ಅದು?" ನಾಟಕದ ದನಿ ಏರಿತು. "ನೀನೇನೋ? ಹೆತ್ತ ತಾಯಿಯ ಕೊರಳಿಗೆ ಕಳ್ಳತನದ ಹಾರ ಬೀಳುವಾಗ ಬಾಯಿ ಮುಚ್ಚಿ ನಿಂತಿದ್ದೆಯಾ ಪಾಪಿ? ಇಷ್ಟು ವರ್ಷ ನಮ್ಮ ತಂದೆಯ ಹೆಸರಿಗೆ ಮಸಿ ಬಳಿದೆಯಾ?"

"ನಾನಲ್ಲ, ಅದು ನಿಮ್ಮ ಮಾತು, ನಾನಲ್ಲ..." ಎಂದ ಮಲ್ಲೇಶ. ಅವನ ಮುಂದೆ ಈಗ ಮೈಕು ಇರಲಿಲ್ಲ. ಮಾತು ನಿಂತಿತೆಂದುಕೊಂಡ ಸಣ್ಣಯ್ಯ ಮೇಷ್ಟ್ರು ಎರಡೂ ಕೈಯಲ್ಲಿ ಹಾರ್ಮೋನಿಯಂ ಹಿಡಿದರು. ತಬಲಾ ಸೇರಿತು. ಅವನ ತುಟಿ ಅಲ್ಲಾಡುವುದಷ್ಟೇ ಜನಕ್ಕೆ ಕಂಡಿತು. ಪಶ್ಚಾತ್ತಾಪದಲ್ಲಿ ಮಾತು ಹೊರಡುತ್ತಿಲ್ಲ ಎಂದುಕೊಂಡರು.

"ಹೋಗಲಿ! ನಮ್ಮದು ದೊಡ್ಡಮನೆ. ಕ್ಷಮಿಸಿದ್ದೇನೆ!" ಯತೀಶ್ ಅವನನ್ನು ಬಿಗಿಯಾಗಿ ತಬ್ಬಿಕೊಂಡ. ಬಣ್ಣದ ವಾಸನೆಯ ಆ ಎದೆಯೊಳಗೆ ಮಲ್ಲೇಶನ ಮುಖ ಮುಚ್ಚಿಹೋಯಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಕಣ್ಣೊರೆಸಿಕೊಂಡವರೂ ಇದ್ದರು. ನೂರಾರು ಫೋನುಗಳು ಮೇಲೆದ್ದಿದ್ದವು. ಮಂಗಳ ಹಾಡಿ ಪರದೆ ಎಳೆದರು.

ಪರದೆಯ ಹಿಂದೆ ಯತೀಶ್ ಮುಖಕ್ಕೆ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಿದ್ದ. ಮಲ್ಲೇಶ ಎದುರು ಬಂದು ನಿಂತದ್ದನ್ನು ಕನ್ನಡಿಯಲ್ಲಿ ನೋಡಿದ. ತಿರುಗಲಿಲ್ಲ.

"ನೋಡ್ದಾ, ಒಂದಕ್ಷರ ಮುಟ್ನಿಲ್ಲ ನಾನು," ಎಂದ. "ನೀ ಬರ್ದಂಗೇ ಬಂತು."

ಮಲ್ಲೇಶ ಕೈ ಎತ್ತಲಿಲ್ಲ. ಎತ್ತಬೇಕಿತ್ತು. ಇನ್ನು ಏನಿದ್ದರೂ ಜನದ ಮುಂದೆ ಎಂದು ಅಂಗಳಕ್ಕೆ ಓಡಿದ. ನಿಂತವರಿಗೆಲ್ಲ ಹೇಳಬೇಕು, ಟ್ರ್ಯಾಕ್ಟರ್ ಹತ್ತಿ ಕೂಗಬೇಕು, ಮರಿಯಯ್ಯನ ಹೆಸರು ತೆಗೆಯಬೇಕು. ಮೆಟ್ಟಿಲ ಹತ್ತಿರ ಚಿಕ್ಕಮಾದಮ್ಮನ ಸುತ್ತ ಹೆಂಗಸರು ಮುತ್ತಿಕೊಂಡಿದ್ದರು. ಅವಳ ಜೊತೆ ಸೊಪ್ಪು ಆರಿಸುತ್ತಿದ್ದ ಮುದುಕಿಯೊಬ್ಬಳು ಅವಳ ಎರಡೂ ಕೈ ಹಿಡಿದುಕೊಂಡು ಅಳುತ್ತಿದ್ದಳು.

"ನಿನ್ನ ಕಳ್ಳಿ ಅಂದ್ಬುಟ್ಟೋ ಕಣಕ್ಕ, ನಮ್ ಬಾಯ್ಗೆ ಹುಳ ಬೀಳ. ನೀನು ಕದ್ದಿರ್ನಿಲ್ಲ. ನೀನು ಕದ್ದೇ ಇರ್ನಿಲ್ಲ."

ಅವ್ವನ ಮುಖ ನೋಡಿದ ಮಲ್ಲೇಶ ಅಲ್ಲೇ ನಿಂತ. ಆ ಮುಖವನ್ನು ಅವನು ಹದಿಮೂರನೆಯ ವಯಸ್ಸಿನಿಂದ ನೋಡಿರಲಿಲ್ಲ. ಅವಳು ತಲೆ ಎತ್ತಿದ್ದಳು. ಅವನು ಬಂದದ್ದನ್ನು ಕಂಡು ಹೆಂಗಸರು ದಾರಿ ಬಿಟ್ಟರು. ಒಬ್ಬಳು ಅವನ ಕಾಲ ಹತ್ತಿರ ಉಗಿದಳು. ಜೇಬಿನಲ್ಲಿ ಫೋನು ಬಿಡದೆ ಗುಂಯ್‌ಗುಡುತ್ತಿತ್ತು.

ಊರಿನ ಟ್ರ್ಯಾಕ್ಟರಿನಲ್ಲಿ ಅವರಿಬ್ಬರು ಹೋಗಲಿಲ್ಲ. ಬೆಟ್ಟದಪುರದ ಬಸ್ಸಿಗೆಂದು ರಸ್ತೆಯ ಕಲ್ಲುಬೆಂಚಿನ ಮೇಲೆ ಕೂತರು. ಬಿಸಿಲು ಇನ್ನೂ ಇತ್ತು. ಮಲ್ಲೇಶ ಮಾತಿಗೆ ಸಿದ್ಧವಾಗುತ್ತಿದ್ದ. ಚಿಕ್ಕಮಾದಮ್ಮನೇ ಮೊದಲು ಬಾಯಿಬಿಟ್ಟಳು.

"ಇಷ್ಟ್ ವರ್ಸ ಒಳಗೇ ಮಡಿಕಂಡು ಸಂಕ್ಟ ಪಟ್ಯಲ್ಲ ಮಗ. ನನ್ ಮುಂದೆ ಬಾಯ್ ಬುಟ್ಟಿದ್ರೆ ಆಗ್ಲೇ ಯೋಳ್ತಿದ್ದೆ. ನಂಗೆ ಅವತ್ತೇ ಗೊತ್ತಿತ್ತು."

"ಏನು ಗೊತ್ತಿತ್ತು?"

"ಮದ್ಯಾನುಕ್ಕೆ ನಂಗೆ ಬುತ್ತಿ ತಂದ್ಕೊಟ್ಟು ಓಗ್ತಿದ್ಯಲ್ಲ, ಓಗ್ವಾಗ ನಿನ್ ಚೀಲ ದಪ್ಪಗಿರದು. ನಾಕೈದು ದಿಸ ನೋಡ್ದೆ. ಸೊಪ್ಪು ಕಳ್ದೋಗದೆ ಅಂತ ಸಾವ್ಕಾರ್ರು ಕೂಗ್ದಾಗ ನನ್ ಎದೆ ಝಲ್ಲಂತು. ಬಾಯ್ ಬುಟ್ರೆ ಹುಡುಕ್ತಾರೆ, ಹುಡುಕುದ್ರೆ ನೀನು ಸಿಕ್ತೀಯ. ಕಂಬುಕ್ಕೆ ಕಟ್ಟಿ ಹೊಡೆಯೋರು ಆವಾಗ. ನನ್ ಕತ್ಗೆ ಹಾಕದು ಹಾಕ್ಲಿ ಅಂತ ಕುಂತೆ."

ಮಲ್ಲೇಶನ ಚೀಲದಲ್ಲಿ ಇದ್ದದ್ದು ಪೇಪರು. ಸೊಪ್ಪಿನ ಮೇಲೆ ಹೊದಿಸಲೆಂದು ಸಿದ್ದಯ್ಯ ಹಳೆಯ ಪೇಪರುಗಳನ್ನು ಶೆಡ್ಡಿನ ಮೂಲೆಯಲ್ಲಿ ಒಟ್ಟಿಸುತ್ತಿದ್ದರು. ಭಾನುವಾರದ ಪುರವಣಿಯಲ್ಲಿ ಕಥೆ ಇರುತ್ತಿತ್ತು. ಮನೆಯಲ್ಲಿ ಓದಲು ಒಂದು ಹಾಳೆಯೂ ಇಲ್ಲದ ಹುಡುಗ ಅವುಗಳನ್ನು ಆರಿಸಿ ಚೀಲಕ್ಕೆ ತುರುಕಿಕೊಂಡು ಹೋಗುತ್ತಿದ್ದ. ಅದಕ್ಕಾಗಿ ಇವಳು ಮಣ್ಣಿನ ಮುದ್ದೆಯಾಗಿ ಕೂತಿದ್ದಳು.

"ಅವ್ವ, ಅದು ಸೊಪ್ಪಲ್ಲ..."

"ಬ್ಯಾಡ ಕಣಪ್ಪ." ಅವಳು ಅವನ ಮಂಡಿಯ ಮೇಲೆ ಕೈಯಿಟ್ಟಳು. "ಅಷ್ಟು ಜನದ ಮುಂದೆ ಒಪ್ಕಂಡವ್ನು ಈಗ ನನ್ ಮುಂದೆ ಯಾಕೆ ಸುಳ್ ಯೋಳ್ತೀಯ? ನಂಗೆ ಯಾವ ಬ್ಯಾಸ್ರಾನೂ ಇಲ್ಲ. ಉಳಿಸ್ಕಂಡ್ನಲ್ಲ ನಿನ್ನ, ಅಷ್ಟೇ ಸಾಕು."

ಅವನು ಬಾಯಿ ತೆರೆದ. ಹೇಳಬಹುದಿತ್ತು. ಹೇಳಿದರೆ, ಇವಳು ಉಳಿಸಿಕೊಂಡದ್ದು ಏನನ್ನು? ನಾಲ್ಕು ಹಳೆಯ ಪೇಪರನ್ನು. ಇಪ್ಪತ್ತಾರು ವರ್ಷ ಊರಿನ ಉಗುಳು ನುಂಗಿದ್ದು ಸುಮ್ಮಸುಮ್ಮನೆ. ಅವ್ವ ಅವನನ್ನೇ ನೋಡುತ್ತಿದ್ದಳು, ಕಾದಿದ್ದಳು.

"ಏನ್ ಮಾಡ್ದೆ ಅದ ಮಾರಿ?" ಎಂದಳು, ಮೆಲ್ಲಗೆ, ಮಗುವನ್ನು ಕೇಳುವಂತೆ.

"ಪುಸ್ತ್ಕ ತಗಂಡೆ ಅವ್ವ," ಎಂದ ಮಲ್ಲೇಶ.

"ಓದಕೆ ತಾನೆ," ಎಂದಳು ಚಿಕ್ಕಮಾದಮ್ಮ. ಅವಳಿಗೆ ಎಲ್ಲ ಸರಿಹೋಗಿತ್ತು. "ಕುಡ್ಯಕೆ ಅಲ್ವಲ್ಲ, ಬುಡು."

ಬಸ್ಸು ಬಂತು. ಕಿಟಕಿಯ ಪಕ್ಕದ ಸೀಟಿಗೆ ಅವನನ್ನು ಕೂರಿಸಿ ತಾನು ಈಚೆ ಕೂತಳು. ಬೆಟ್ಟದಪುರದ ರಸ್ತೆಯಲ್ಲಿ ಗುಂಡಿಗಳು ಜಾಸ್ತಿ. ಬಸ್ಸು ಎತ್ತಿ ಹಾಕಿದಾಗಲೆಲ್ಲ ಅವನ ತಲೆ ಸರಳಿಗೆ ತಾಗದಂತೆ ಅವಳು ಅಂಗೈಯನ್ನು ಅಡ್ಡ ಹಿಡಿಯುತ್ತಿದ್ದಳು.